ಮನೆತನದಲ್ಲಿ ಕುಡಿತವಿದ್ದರೆ ಡಿಎನ್‌ಎ ಟೆಸ್ಟಿಗೂ ಮೊದಲು ಒಂದು ಹಾಳೆ ಬರೆಯಿರಿ

ಒಂದು ಖಾಲಿ ಹಾಳೆ, ಒಂದು ಪೆನ್ನು ತಗೊಂಡು ಕೂತುಕೊಳ್ಳಿ. ನಿಮ್ಮ ಅಪ್ಪನೋ ಅಣ್ಣನೋ ಗಂಡನೋ ಕುಡಿತ ಬಿಡಲಾಗದೆ ಒದ್ದಾಡುತ್ತಿದ್ದರೆ, ಇಲ್ಲವೇ ನಿಮಗೇ ನಿಮ್ಮ ಕುಡಿತದ ಬಗ್ಗೆ ಒಳಗೊಳಗೆ ಭಯ ಶುರುವಾಗಿದ್ದರೆ, ಮೊದಲ ಕೆಲಸ ಆ ಹಾಳೆಯ ಮೇಲೆ ಆಗಬೇಕು. ದುಡ್ಡು ಕೊಟ್ಟು ಡಿಎನ್‌ಎ ಟೆಸ್ಟ್ ಮಾಡಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಈ ಹಾಳೆ ಬರೆದದ್ದು ತುಂಬಾ ತಡವಾಗಿ. ಅಪ್ಪ ಕುಡಿಯುತ್ತಿದ್ದರು, ದೊಡ್ಡಪ್ಪ ಕುಡಿಯುತ್ತಿದ್ದರು, ತಾತನ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. "ಅದು ಅವರ ರಕ್ತದಲ್ಲೇ ಬಂದಿದೆ ಕಣೋ" ಅಂತ ಅಜ್ಜಿ ಹೇಳುತ್ತಿದ್ದರು, ಹೇಳಿ ಸುಮ್ಮನಾಗುತ್ತಿದ್ದರು. ರಕ್ತದಲ್ಲೇ ಬಂದ ಮೇಲೆ ಇನ್ನೇನು ಮಾಡೋದು ಅನ್ನುವ ಧಾಟಿ. ಅಜ್ಜಿ ಹೇಳಿದ ಮಾತು ಮುಕ್ಕಾಲು ಸರಿಯೇ ಇತ್ತು. ಹೇಳದೆ ಬಿಟ್ಟ ಮಾತು ಮಾತ್ರ ತಪ್ಪು.

ಕುಡಿತದ ಕಾಯಿಲೆಯಲ್ಲಿ ಜೀನ್‌ಗಳ ಪಾಲು ಸುಮಾರು ಅರ್ಧ. ಅವಳಿ ಮಕ್ಕಳು ಮತ್ತು ದತ್ತು ಹೋದ ಮಕ್ಕಳ ಮೇಲೆ ದಶಕಗಳ ಕಾಲ ನಡೆದ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬಂದ ಲೆಕ್ಕ ಇದು. 1973ರಲ್ಲಿ ಡೊನಾಲ್ಡ್ ಗುಡ್ವಿನ್ ಮತ್ತು ಜೊತೆಗಾರರು ಡೆನ್ಮಾರ್ಕಿನಲ್ಲಿ, ಹುಟ್ಟಿದ ಕೆಲವೇ ವಾರಗಳಲ್ಲಿ ದತ್ತು ಹೋಗಿ ಬೇರೆ ಮನೆಯಲ್ಲಿ ಬೆಳೆದ ಗಂಡುಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಕಾಯಿಲೆ ಇದ್ದವರಲ್ಲಿ ಶೇ. 18 ಜನ ತಾವೂ ಅದಕ್ಕೆ ಬಿದ್ದಿದ್ದರು. ಹಾಗೆ ಇಲ್ಲದವರಲ್ಲಿ ಶೇ. 5. ಮನೆಯಲ್ಲಿ ನೋಡಿ ಕಲಿತದ್ದು ಅಂತ ಇದನ್ನು ತಳ್ಳಿಹಾಕಲು ಆಗುವುದಿಲ್ಲ, ಯಾಕಂದರೆ ಆ ಮಕ್ಕಳು ಕುಡಿಯುವ ಅಪ್ಪನ ಜೊತೆ ಬೆಳೆದೇ ಇರಲಿಲ್ಲ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ರಕ್ತದಲ್ಲಿ ಬಂದಿದ್ದರೂ 100ರಲ್ಲಿ 82 ಜನ ಬೀಳಲಿಲ್ಲ! ಅಜ್ಜಿಗೆ ಈ 82ನ್ನು ಹೇಳುವವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಗೊಂದಲ ತೀರಿಸಿಕೊಳ್ಳಿ. ಅರ್ಧ ಅಂದರೆ "ನನ್ನ ಚಟದಲ್ಲಿ ಅರ್ಧ ಅಪ್ಪಂದು, ಅರ್ಧ ನಂದು" ಅಂತ ಅರ್ಥ ಅಲ್ಲ. ಒಂದೇ ಊರಲ್ಲಿ ಒಬ್ಬನಿಗೆ ಚಟ ಹತ್ತುತ್ತದೆ, ಇನ್ನೊಬ್ಬನಿಗೆ ಹತ್ತುವುದಿಲ್ಲ. ಜನರ ನಡುವಿನ ಆ ವ್ಯತ್ಯಾಸದಲ್ಲಿ ಅರ್ಧದಷ್ಟು ಜೀನ್‌ಗಳಿಂದ ಬರುತ್ತದೆ ಅಂತ. ಅದೂ ಒಂದೇ ಒಂದು ಕುಡಿತದ ಜೀನ್ ಅಂತ ಎಲ್ಲೂ ಇಲ್ಲ. ತುಂಬಾ ಜೀನ್‌ಗಳು ಸೇರಿ, ಒಂದೊಂದೂ ಚೂರು ಚೂರು ತಳ್ಳುತ್ತವೆ.

ಹಾಳೆ ಬರೆಯುವುದು ಹೇಗೆ

ಮೂರು ತಲೆಮಾರು ಸಾಕು. ಮೇಲೆ ಅಜ್ಜ ಅಜ್ಜಿ, ಎರಡೂ ಕಡೆಯವರು. ಮಧ್ಯೆ ಅಪ್ಪ ಅಮ್ಮ, ಚಿಕ್ಕಪ್ಪ ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ. ಕೆಳಗೆ ನೀವು, ಒಡಹುಟ್ಟಿದವರು, ಕಸಿನ್‌ಗಳು. ಚಿಕ್ಕಪ್ಪನನ್ನೋ ಅತ್ತೆಯನ್ನೋ ಮದುವೆಯಾಗಿ ಬಂದವರನ್ನು ಬೇರೆ ಗುರುತಿನಲ್ಲಿ ಹಾಕಿ, ಯಾಕಂದರೆ ಅವರ ಜೀನ್ ನಿಮಗೆ ಬರುವುದಿಲ್ಲ, ನಿಮ್ಮ ಕಸಿನ್‌ಗಳಿಗೆ ಬರುತ್ತದೆ. ನಮ್ಮ ಕಡೆ ಸೋದರಮಾವನ ಮಗಳು, ಅಕ್ಕನ ಮಗಳು ಅಂತ ಮದುವೆಗಳು ಆಗಿರುತ್ತವೆ ಅಲ್ವಾ, ಅದನ್ನೂ ಬರೆಯಿರಿ. ಆಗ ಒಂದೇ ಅಜ್ಜನ ಜೀನ್ ಎರಡು ದಾರಿಯಲ್ಲಿ ಬಂದಿರಬಹುದು.

"ಯಾರು ಕುಡುಕರು?" ಅಂತ ಕೇಳಬೇಡಿ. ಯಾರೂ ಉತ್ತರ ಕೊಡುವುದಿಲ್ಲ, ಜಗಳವೂ ಆಗುತ್ತದೆ. ಬೇರೆ ಥರ ಕೇಳಿ. ತಾತ ಹೇಗೆ ತೀರಿಕೊಂಡರು? ಕಾಮಾಲೆ ಆಗಿತ್ತಾ, ಹೊಟ್ಟೆಗೆ ನೀರು ತುಂಬಿತ್ತಾ, ರಕ್ತ ವಾಂತಿ ಆಗಿತ್ತಾ? ಬೆಳಗ್ಗೆ ಎದ್ದಾಗ ಯಾರ ಕೈ ನಡುಗುತ್ತಿತ್ತು? ಯಾರಿಗೆ ಫಿಟ್ಸ್ ಬಂದಿತ್ತು? ಕುಡಿತದಿಂದ ಯಾರ ಕೆಲಸ ಹೋಯಿತು, ಜಮೀನು ಹೋಯಿತು? ಶುರು ಮಾಡಿದಾಗ ಎಷ್ಟು ವಯಸ್ಸು? ಬಿಟ್ಟವರು ಯಾರಾದರೂ ಇದ್ದಾರಾ, ಹೇಗೆ ಬಿಟ್ಟರು? ಈ ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಹೆಂಗಸರ ಬಗ್ಗೆಯೂ ಕೇಳಿ, ಮೆಲ್ಲಗೆ ಕೇಳಿ, ಯಾಕಂದರೆ ಅವರ ಕುಡಿತವನ್ನು ಮನೆಯವರು ಇನ್ನೂ ಆಳದಲ್ಲಿ ಮುಚ್ಚಿಟ್ಟಿರುತ್ತಾರೆ.

ಲಿವರ್ ಹಾಳಾಗಿ ಸತ್ತವರನ್ನು ಬೇರೆಯಾಗಿ ಗುರುತು ಮಾಡಿ. ಚಟ ಹತ್ತುವುದು ಒಂದು, ಲಿವರ್ ಹಾಳಾಗುವುದು ಇನ್ನೊಂದು. ಪಿಎನ್‌ಪಿಎಲ್‌ಎ3 ಅನ್ನುವ ಜೀನಿನ ಒಂದು ರೂಪ ಇದ್ದವರಿಗೆ, ಬೇರೆಯವರಷ್ಟೇ ಕುಡಿದರೂ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ, ಆಗುವ ಅಪಾಯ ಜಾಸ್ತಿ. "ಅವನು ನನಗಿಂತ ಜಾಸ್ತಿ ಕುಡೀತಾನೆ, ಅವನಿಗೇನೂ ಆಗಿಲ್ಲ" ಅನ್ನುವ ಮಾತು ಕೇಳಿಯೇ ಇರುತ್ತೀರಿ. ಅವನ ಲಿವರ್ ಬೇರೆ, ನಿಮ್ಮ ಲಿವರ್ ಬೇರೆ.

ಇನ್ನೊಂದು ಪ್ರಶ್ನೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಎಷ್ಟು ಕುಡಿದರೂ ತೂರಾಡದೆ ಗಟ್ಟಿಯಾಗಿ ನಿಲ್ಲುತ್ತಿದ್ದವರು ಯಾರು? ನಮ್ಮಲ್ಲಿ ಅದನ್ನು ಹೊಗಳಿಕೆ ಥರ ಹೇಳುತ್ತಾರೆ. "ಎರಡು ಕ್ವಾರ್ಟರ್ ಇಳಿಸಿದರೂ ಗಾಡಿ ಓಡಿಸಿಕೊಂಡು ಮನೆಗೆ ಬರ್ತಿದ್ದ." ಅದು ಹೊಗಳಿಕೆ ಅಲ್ಲ, ಎಚ್ಚರಿಕೆಯ ಗಂಟೆ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಮಾರ್ಕ್ ಶಕಿಟ್ ಅನ್ನುವ ಮನೋವೈದ್ಯರು, ಕುಡಿತದ ಕಾಯಿಲೆ ಇದ್ದ ಅಪ್ಪಂದಿರ ಮಕ್ಕಳಿಗೆ 20ರ ಆಸುಪಾಸಿನಲ್ಲಿ ಅಳತೆ ಮಾಡಿ ಆಲ್ಕೋಹಾಲ್ ಕೊಟ್ಟು, ಎಷ್ಟು ಏರುತ್ತದೆ ಅಂತ ನೋಡಿ ಬರೆದಿಟ್ಟರು. ಸುಮಾರು ಹತ್ತು ವರ್ಷದ ನಂತರ ಅವರನ್ನೇ ಮತ್ತೆ ಹುಡುಕಿದರು. ಅವತ್ತು ಕಮ್ಮಿ ಏರಿದ್ದವರಲ್ಲಿ ಶೇ. 56 ಜನಕ್ಕೆ ಚಟ ಹತ್ತಿತ್ತು. ಬೇಗ ಏರಿದ್ದವರಲ್ಲಿ ಶೇ. 14 ಮಾತ್ರ. 1994ರಲ್ಲಿ ಬಂದ ಲೆಕ್ಕ ಇದು. ಏರದಿದ್ದರೆ ಇನ್ನೊಂದು ಪೆಗ್, ಆಮೇಲೆ ಮತ್ತೊಂದು. "ಸಾಕು" ಅಂತ ದೇಹ ಹೇಳುವುದೇ ತಡ ಆಗುತ್ತದೆ. ನಿಮ್ಮ ಕಾಲೇಜು ಹೋಗುವ ಮಗ ಅಥವಾ ತಮ್ಮ ಗೆಳೆಯರ ನಡುವೆ "ನನಗೇನೂ ಆಗಲ್ಲ" ಅಂತ ಹೆಮ್ಮೆ ಪಡುತ್ತಿದ್ದರೆ ಈ ಎರಡು ಸಂಖ್ಯೆ ಅವನಿಗೆ ಹೇಳಿ.

ಜೀನನ್ನು ನಕಲು ಮಾಡುವ ಮಾತ್ರೆ

ಕುಡಿದದ್ದು ಲಿವರ್‌ನಲ್ಲಿ ಎರಡು ಹಂತದಲ್ಲಿ ಕರಗುತ್ತದೆ. ಮೊದಲ ಕಿಣ್ವ ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗಿ ಮಾಡುತ್ತದೆ, ಎರಡನೆಯದು ಆ ವಿಷವನ್ನು ಹಾನಿ ಇಲ್ಲದ ವಸ್ತುವಾಗಿ ಮಾಡುತ್ತದೆ. ಚೀನಾ, ಜಪಾನ್, ಕೊರಿಯಾದ ತುಂಬಾ ಜನರಲ್ಲಿ ಎರಡನೇ ಕಿಣ್ವದ ಜೀನು, ಎಎಲ್‌ಡಿಎಚ್2, ಬೇರೆ ರೂಪದಲ್ಲಿರುತ್ತದೆ ಮತ್ತು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಗ್ಲಾಸ್ ಕುಡಿದರೆ ಸಾಕು, ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸುತ್ತದೆ. ಹಾಗಾಗಿ ಅವರಲ್ಲಿ ಚಟ ಹತ್ತುವುದು ಕಮ್ಮಿ. ನಮ್ಮಲ್ಲಿ ಈ ರೂಪ ತೀರಾ ಅಪರೂಪ, ಈ ರಕ್ಷಣೆ ನಮಗಿಲ್ಲ ಅಂತಲೇ ತಿಳಿಯಿರಿ.

ಆದರೆ ರಕ್ಷಣೆ ಇದ್ದವರಿಗೂ ಏನಾಯಿತು ನೋಡಿ. ಜಪಾನಿನಲ್ಲಿ ಚಟಕ್ಕೆ ಚಿಕಿತ್ಸೆಗೆ ಬಂದವರಲ್ಲಿ ಈ ಬೇರೆ ರೂಪದ ಜೀನಿನ ಒಂದು ಪ್ರತಿ ಇದ್ದವರು 1979ರಲ್ಲಿ ಶೇ. 2.5, 1986ರಲ್ಲಿ ಶೇ. 8, 1992ರಲ್ಲಿ ಶೇ. 13. ಹದಿಮೂರು ವರ್ಷದಲ್ಲಿ ಜೀನ್ ಬದಲಾಗಲಿಲ್ಲ. ಬದಲಾದದ್ದು ಸುತ್ತಲಿನ ಕುಡಿತ, ಆಫೀಸಿನವರ ಜೊತೆ ಕೂತು ಕುಡಿಯಲೇಬೇಕು ಅನ್ನುವ ಒತ್ತಾಯ. ಮುಖ ಕೆಂಪಾದರೂ ಕುಡಿದರು. ಹಾಗೆ ಕುಡಿದವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯ ಬೇರೆ ಜಾಸ್ತಿ. ಮನೆ, ಊರು, ಗೆಳೆಯರು ಇದರಲ್ಲಿ ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಮಾತ್ರೆಗೆ ಬರೋಣ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ಮಾಡುವುದು ಇದೇ ಕೆಲಸ. ಎರಡನೇ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ, ಅಂದರೆ ಹುಟ್ಟಿನಿಂದ ಬರದ ಆ ಜೀನನ್ನು ಮಾತ್ರೆಯಿಂದ ನಕಲು ಮಾಡಿದ ಹಾಗೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಹೊಟ್ಟೆಹುಳುವಿನ ಔಷಧ ಹುಡುಕುತ್ತಾ ಈ ಮಾತ್ರೆಯನ್ನು ತಾವೇ ನುಂಗಿ, ಆಮೇಲೆ ಕುಡಿದಾಗ ಮೈ ಕೆಟ್ಟು ಇದರ ಗುಣ ಕಂಡುಕೊಂಡರು. ತಾನಾಗಿ ಬಿಡಬೇಕು ಅಂತ ಮನಸ್ಸು ಮಾಡಿದವರಿಗೆ, ಮನೆಯವರೊಬ್ಬರು ದಿನಾ ಎದುರಿಗೇ ಮಾತ್ರೆ ಕೊಡುವ ಹಾಗಿದ್ದರೆ, ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಯ ಸಲ ಕುಡಿದು ಕನಿಷ್ಠ 12 ಗಂಟೆ ಆಗಿರಬೇಕು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಇರಬಹುದು. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕೂಡ ತೊಂದರೆ ಕೊಡಬಹುದು. ಲಿವರ್, ಹೃದಯ ಪರೀಕ್ಷೆ ಮಾಡಿಸದೆ ಶುರು ಮಾಡುವ ಹಾಗಿಲ್ಲ.

ದಯವಿಟ್ಟು ಒಂದು ಮಾತು ಕೇಳಿ. ಅವರಿಗೆ ಗೊತ್ತಾಗದ ಹಾಗೆ ಸಾರಿಗೋ ಕಾಫಿಗೋ ಬೆರೆಸಿ ಕೊಡಬೇಡಿ. "ಕುಡಿಯುವವರಿಗೆ ತಿಳಿಯದಂತೆ ಚಟ ಬಿಡಿಸಿ" ಅಂತ ಜಾಹೀರಾತು ಬರುತ್ತವಲ್ಲ, ಅಂಥ ಒಂದು ಪುಡಿಯನ್ನು ದೊಡ್ಡಮ್ಮ ದೊಡ್ಡಪ್ಪನ ಊಟಕ್ಕೆ ಬೆರೆಸಿದ್ದರು. ಅದರಲ್ಲಿ ಏನಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಅವತ್ತು ರಾತ್ರಿ ಕುಡಿದು ಬಂದ ದೊಡ್ಡಪ್ಪ ಬಚ್ಚಲಲ್ಲಿ ಬಿದ್ದರು, ಬಿಪಿ ಇಳಿದು ಮೈಯೆಲ್ಲ ತಣ್ಣಗಾಗಿತ್ತು. ಬದುಕಿದರು, ಆದರೆ ಆಮೇಲೆ ಅವರು ಮನೆಯಲ್ಲಿ ಊಟ ಮಾಡುವುದನ್ನೇ ಬಿಟ್ಟರು, ದೊಡ್ಡಮ್ಮ ಎಷ್ಟೋ ವರ್ಷ ಆ ರಾತ್ರಿಯನ್ನು ನೆನೆಸಿಕೊಂಡು ಅಳುತ್ತಿದ್ದರು. ಅವರ ತಪ್ಪೇನೂ ಇರಲಿಲ್ಲ, ಹೇಳಿಕೊಡುವವರು ಇರಲಿಲ್ಲ, ಅಷ್ಟೇ.

ಡಿಎನ್‌ಎ ಟೆಸ್ಟ್ ಯಾಕೆ ಬೇಡ

ನಾಲ್ಟ್ರೆಕ್ಸೋನ್ ಅಂತ ಇನ್ನೊಂದು ಮಾತ್ರೆ ಇದೆ, ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಕುಡಿದಾಗ ಮಿದುಳಲ್ಲಿ ನಮ್ಮದೇ ಅಫೀಮಿನಂಥ ವಸ್ತುಗಳು ಹೊರಬಂದು ಖುಷಿ ಕೊಡುತ್ತವೆ. ಅವು ಹೋಗಿ ಕೂರುವ ಜಾಗದಲ್ಲಿ ಈ ಮಾತ್ರೆ ಮೊದಲೇ ಹೋಗಿ ಕೂರುತ್ತದೆ. ಹಾಗಾಗಿ ಎಳೆತ ಕಮ್ಮಿ ಆಗುತ್ತದೆ, ಮಧ್ಯೆ ಎಡವಿ ಕುಡಿದರೂ ಆ ಮಜಾ ಸಿಗುವುದಿಲ್ಲ. ಆ ಜಾಗವನ್ನು ಕಟ್ಟುವ ಜೀನಿನ ಹೆಸರು ಒಪಿಆರ್‌ಎಂ1. ಅದರ ಒಂದು ರೂಪ ಇದ್ದವರಿಗೆ ಈ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ ಅಂತ 2003ರಲ್ಲಿ ಡೇವಿಡ್ ಆಸ್ಲಿನ್ ತಂಡ ಹೇಳಿತು. ಎಲ್ಲರಿಗೂ ಆಸೆ ಹುಟ್ಟಿತು, ರಕ್ತ ಪರೀಕ್ಷೆ ಮಾಡಿ ಮಾತ್ರೆ ಆರಿಸಬಹುದು ಅಂತ. ಆಮೇಲೆ ಅದೇ ಆಸ್ಲಿನ್, ರೋಗಿಗಳನ್ನು ಮೊದಲೇ ಜೀನ್ ಪ್ರಕಾರ ಬೇರೆ ಮಾಡಿ ಸರಿಯಾಗಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಕೊಟ್ಟಾಗ, ಆ ವ್ಯತ್ಯಾಸ ಕಾಣಲಿಲ್ಲ. ತನ್ನದೇ ಒಳ್ಳೆ ಸುದ್ದಿಯನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಗೆ ಒಡ್ಡಿದ ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಹಾಗಾಗಿ ಇವತ್ತು ಈ ಜೀನ್ ನೋಡಿ ನಾಲ್ಟ್ರೆಕ್ಸೋನ್ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಚಟ ಹತ್ತುತ್ತದೋ ಇಲ್ಲವೋ ಅಂತ ಮೊದಲೇ ಅಂಕ ಹಾಕಿಕೊಡುವ ಟೆಸ್ಟ್‌ಗಳದ್ದೂ ಅದೇ ಕಥೆ. ದೊಡ್ಡ ಅಧ್ಯಯನಗಳಲ್ಲಿ ಬಹುಪಾಲು ಜನ ಯುರೋಪ್ ಮೂಲದವರು, ಆ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ. ಸದ್ಯಕ್ಕೆ ನಿಮ್ಮ ಹಾಳೆಯೇ ಅದಕ್ಕಿಂತ ಹೆಚ್ಚು ಹೇಳುತ್ತದೆ, ಅದೂ ಬಿಟ್ಟಿಯಾಗಿ.

ಮಾತ್ರೆ ಆರಿಸುವಾಗ ಡಾಕ್ಟರ್ ನೋಡುವುದು ಬೇರೆ ವಿಷಯಗಳನ್ನು. ಟ್ರಮಡಾಲ್‌ನಂಥ ನೋವಿನ ಮಾತ್ರೆ ತಗೊಳ್ಳುತ್ತಿದ್ದರೆ ನಾಲ್ಟ್ರೆಕ್ಸೋನ್ ಆಗುವುದಿಲ್ಲ, ಇದನ್ನು ಮರೆಯದೆ ಹೇಳಿ. ಲಿವರ್ ಕೆಟ್ಟಿದ್ದರೆ ಅಕಾಂಪ್ರೊಸೇಟ್ ಅನ್ನುವ ಇನ್ನೊಂದು ಮಾತ್ರೆಯ ಬಗ್ಗೆ ಕೇಳಿ, ಅದು ಲಿವರ್‌ನಲ್ಲಿ ಕರಗದೆ ಕಿಡ್ನಿ ಮೂಲಕ ಹೊರಹೋಗುತ್ತದೆ, ಹಾಗಾಗಿ ಕಿಡ್ನಿ ಚೆನ್ನಾಗಿರಬೇಕು. ದಿನಕ್ಕೆ ಮೂರು ಹೊತ್ತು ನುಂಗಬೇಕು ಅನ್ನುವುದೊಂದೇ ಕಷ್ಟ. ಸಿರೋಸಿಸ್ ಆದವರಿಗೆ ಬ್ಯಾಕ್ಲೊಫೆನ್ ಅನ್ನುವ ಮಾತ್ರೆ ಕೊಡುವುದೂ ಉಂಟು.

ಡಾಕ್ಟರ ಹತ್ತಿರ ಹೋಗುವ ಮುಂಚೆ

ಎಷ್ಟು ಕುಡಿಯುತ್ತಾರೆ ಅಂತ ಲೆಕ್ಕ ಹಾಕಿಕೊಂಡು ಹೋಗಿ. 30 ಎಂಎಲ್ ವಿಸ್ಕಿ ಅಥವಾ ರಮ್ಮಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಹಾಗಾದರೆ ನೈಂಟಿ ಅಂದರೆ 30 ಗ್ರಾಂ, ಒಂದು ಕ್ವಾರ್ಟರ್ ಅಂದರೆ 60 ಗ್ರಾಂ. 650 ಎಂಎಲ್ ಸ್ಟ್ರಾಂಗ್ ಬಿಯರ್ ಶೇ. 8ರದ್ದಾದರೆ ಅದರಲ್ಲೇ 40 ಗ್ರಾಂ. "ಬರೀ ಬಿಯರ್" ಅನ್ನುವವರಿಗೆ ಇದನ್ನು ತೋರಿಸಿ.

ಬೆಳಗ್ಗೆ ಕೈ ನಡುಗುವವರನ್ನು, ದಿನಾ ಜಾಸ್ತಿ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಂದೇ ಏಟಿಗೆ ಬಿಡಿಸಲು ಹೋಗಬೇಡಿ. ಇದರಿಂದ ಪ್ರಾಣ ಹೋಗಬಹುದು. ಬಿಟ್ಟ 6 ಗಂಟೆಯಿಂದ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ದಿಕ್ಕು ತಪ್ಪುತ್ತದೆ, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಮುಂದಿನ ಸಲ ಅಪಾಯ ಇನ್ನೂ ಜಾಸ್ತಿ, ಆ ಮಾತನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ. ಡಾಕ್ಟರು ಕೆಲವು ದಿನ ಲೊರಾಜೆಪಾಮ್‌ನಂಥ ಮಾತ್ರೆ ಕೊಟ್ಟು ಇಳಿಸುತ್ತಾರೆ, ಜೊತೆಗೆ ಥಯಮಿನ್, ಅಂದರೆ ವಿಟಮಿನ್ ಬಿ1, ಇಂಜೆಕ್ಷನ್. ಗ್ಲುಕೋಸ್ ಬಾಟಲಿ ಏರಿಸುವ ಮುಂಚೆ ಥಯಮಿನ್ ಕೊಟ್ಟಿದ್ದಾರಾ ಅಂತ ಕೇಳಿ, ಕೇಳಲು ನಾಚಿಕೆ ಬೇಡ. ಮದ್ಯವರ್ಜನ ಶಿಬಿರಕ್ಕೆ ಸೇರಿಸುವುದಾದರೂ ಮೊದಲು ಡಾಕ್ಟರಿಗೆ ತೋರಿಸಿಯೇ ಸೇರಿಸಿ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವುದಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡೂ ಉಚಿತ.

ಮಕ್ಕಳಿಗೆ ಏನು ಹೇಳುವುದು

ಕುಡಿಯುವವರ ಮಕ್ಕಳಲ್ಲಿ, ಅವರು ಒಂದು ಹನಿ ಮುಟ್ಟುವ ಮುಂಚೆಯೇ, ಮಿದುಳಿನ ಒಂದು ವಿದ್ಯುತ್ ಅಲೆ ಚಿಕ್ಕದಾಗಿರುತ್ತದೆ ಅಂತ 1984ರಲ್ಲಿ ನ್ಯೂಯಾರ್ಕಿನ ಹೆನ್ರಿ ಬೆಗ್ಲೈಟರ್ ತಂಡ ತೋರಿಸಿತು. ಪಿ300 ಅಂತ ಅದರ ಹೆಸರು. ನಿಮ್ಹಾನ್ಸ್‌ನವರು ನಮ್ಮ ಕುಟುಂಬಗಳಲ್ಲೇ ಅದನ್ನು ಅಳೆದು, ಅಪಾಯ ಹೆಚ್ಚಿದಷ್ಟೂ ಅಲೆ ಚಿಕ್ಕದಾಗುತ್ತದೆ ಅಂತ 1995ರಲ್ಲಿ ಬರೆದರು. ಇಂಥ ಮಕ್ಕಳಲ್ಲಿ ಸ್ವಲ್ಪ ಆತುರ, ತಡೆದುಕೊಳ್ಳಲಾಗದ ಸ್ವಭಾವ ಇರುವುದುಂಟು. ಅವರನ್ನು "ಅಪ್ಪನ ಥರಾನೇ" ಅಂತ ಬೈಯಬೇಡಿ. ಓದಿನಲ್ಲಿ ಗಮನ ನಿಲ್ಲದಿದ್ದರೆ, ಸಿಟ್ಟು ಜಾಸ್ತಿ ಇದ್ದರೆ, ಅದಕ್ಕೇ ಬೇರೆಯಾಗಿ ಸಹಾಯ ಸಿಗುತ್ತದೆ.

ಮಗುವಿಗೆ 12, 13 ಆದಾಗ ನೇರವಾಗಿ ಹೇಳಿ. ನಾನು ನನ್ನ ತಮ್ಮನ ಮಗನಿಗೆ ಹೀಗೆ ಹೇಳಿದೆ: "ನಮ್ಮನೇಲಿ ಕೆಲವರಿಗೆ ಸಕ್ಕರೆ ಕಾಯಿಲೆ ಇದೆ, ಕೆಲವರಿಗೆ ಕುಡಿತದ ಕಾಯಿಲೆ ಇದೆ. ಎರಡೂ ನಿನಗೆ ಬರಬಹುದು, ಬರಲೇಬೇಕು ಅಂತಿಲ್ಲ. ನಿನ್ನ ಗೆಳೆಯರು ಕುಡಿದು ಬಿಟ್ಟುಬಿಡಬಹುದು, ನಿನಗೆ ಅದು ಅಷ್ಟು ಸುಲಭ ಆಗದೇ ಇರಬಹುದು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ತಾತ ಅದಕ್ಕೇನಾ ಹಾಗಿದ್ದಿದ್ದು?" ಅಂತ ಕೇಳಿದ. ಹೌದು ಅಂದೆ. ಮೊದಲ ಪೆಗ್ ಎಷ್ಟು ತಡ ಆದರೆ ಅಷ್ಟು ಒಳ್ಳೆಯದು, ಎಂದೂ ಆಗದಿದ್ದರೆ ಇನ್ನೂ ಒಳ್ಳೆಯದು ಅಂತಲೂ ಹೇಳಿದೆ.

ಹಾಳೆಯ ಹಿಂದಿನ ಮಗ್ಗುಲು ಖಾಲಿ ಇದೆಯಲ್ಲ, ಅದು ಚಿಕಿತ್ಸೆಗೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಾರೀಕಿಂದ ಯಾವ ತಾರೀಕಿನವರೆಗೆ, ಏನು ತೊಂದರೆ ಕೊಟ್ಟಿತು, ಯಾವಾಗ ಮತ್ತೆ ಕುಡಿದರು ಅಂತ ಬರೆಯುತ್ತಾ ಹೋಗಿ. ಮತ್ತೆ ಕುಡಿದರೆ "ಮಾತ್ರೆ ಕೆಲಸ ಮಾಡಲಿಲ್ಲ" ಅಂತ ಮನೆಯಲ್ಲೇ ತೀರ್ಮಾನ ಮಾಡಿ ಚಿಕಿತ್ಸೆ ನಿಲ್ಲಿಸಬೇಡಿ. ಅದೇ ವಾರ ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ವಾಪಸ್ ಹೋಗಿ, ಬೇರೆ ಮಾತ್ರೆ ನೋಡಬಹುದಾ ಅಂತ ಕೇಳಿ. ಅಪ್ಪನಿಗೆ ಡೈಸಲ್ಫಿರಾಮ್ ಆಗಲಿಲ್ಲ, ಎರಡನೇ ಸಲ ನಾಲ್ಟ್ರೆಕ್ಸೋನ್ ಹಿಡಿಯಿತು. ಆ ಎರಡರ ನಡುವೆ ನಾವು ಸುಮ್ನೆ ಕಳೆದದ್ದು ನಾಲ್ಕು ವರ್ಷ.